ನನ್ನ 1972ರ ಡ್ಯಾಟ್ಸನ್ 240ಝೀಗೆ 15×8 ರಿಮ್ ತಗೊಂಡಿದ್ದೇನೆ, ಆಫ್‌ಸೆಟ್ ಸೊನ್ನೆ. ಮಡ್‌ಗಾರ್ಡ್ ತುಂಬಿ ಕಾಣಬೇಕು. ಟೈರ್ 225/60 ಹಾಕಲಾ, 225/50 ಸಾಕಾ?

225/60 ಬೇಡ. ಬೇಡ ಅಂದ್ರೆ ಬೇಡ. ಉಳಿದದ್ದನ್ನು ನಿಧಾನವಾಗಿ ಓದಿ, ಇದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಇವತ್ತು ರಾತ್ರಿಯೇ ಆರ್ಡರ್ ಮಾಡುವ ಆತುರ ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತಿದೆ.

ನಿಮ್ಮದು 1972ರ ಗಾಡಿ, ನನ್ನದು 1971ರದ್ದು, ಅದೇ ಹಳೇ ಜಪಾನಿ ಸ್ಪೋರ್ಟ್ಸ್ ಕಾರು. ರಿಮ್ ಅದೇ 15×8 (ವ್ಯಾಸ 15 ಇಂಚು, ಅಗಲ 8), ಆಫ್‌ಸೆಟ್ (ಹಬ್ಬಿಗೆ ಕೂರುವ ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಸರಿದಿದೆ ಅನ್ನುವುದು) ಅದೇ ಸೊನ್ನೆ, "ಮಡ್‌ಗಾರ್ಡ್ ತುಂಬಿ ಕಾಣಬೇಕು" ಅನ್ನುವ ಆಸೆ ಕೂಡ ಅದೇ. ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಗಾಡಿ ಕೊಂಡಾಗ ಅದರಲ್ಲಿ 15×7 ರಿಮ್‌ಗಳಿದ್ದವು, ಟೈರ್ 205/60-15. ಎಲ್ಲೂ ಉಜ್ಜುತ್ತಿರಲಿಲ್ಲ, ಸ್ಟೇರಿಂಗ್ ಹಗುರ, ಒಂದು ತಕರಾರಿಲ್ಲ. ಆದರೆ ಹಿಂದಿನಿಂದ ನೋಡಿದರೆ ಟೈರ್ ಒಳಗೆ ಸೇರಿಕೊಂಡ ಹಾಗೆ ಕಾಣುತ್ತಿತ್ತು. ಜಪಾನಿನವರು ರಿವೆಟ್ ಹೊಡೆದು ಅಗಲ ಮಾಡಿದ ಮಡ್‌ಗಾರ್ಡ್‌ಗಳ ಫೋಟೋ ನೋಡಿ ನೋಡಿ ತಲೆ ಕೆಟ್ಟಿತ್ತು. ಯಾರೋ ಎಂಟಿಂಚಿನ ರಿಮ್ ಮಾರುತ್ತಿದ್ದರು, ಹೋಗಿ ತಂದೆ. ಹೆಂಡತಿ ಕೇಳಿದಳು, ಇರುವ ಚಕ್ರಕ್ಕೆ ಏನಾಗಿದೆ ಅಂತ. ಉತ್ತರ ಇರಲಿಲ್ಲ.

ಈಗ ನಾನು ಎಡವಿದ ಜಾಗ. ಹಳೇ ಟೈರ್ 205/60, ಹೊಸದು 225/60. ಎರಡರಲ್ಲೂ 60 ಇದೆ ಅಲ್ವಾ, ಹಾಗಾದರೆ ಎತ್ತರ ಅಷ್ಟೇ ಇರುತ್ತದೆ, ಅಗಲ ಮಾತ್ರ 20 ಮಿಲಿಮೀಟರ್ ಜಾಸ್ತಿ, ಅಂದರೆ ಒಂದೊಂದು ಪಕ್ಕಕ್ಕೆ 10. ಇದು ನನ್ನ ಲೆಕ್ಕ. ಇಂಜಿನಿಯರಿಂಗ್ ಓದಿದವನ ಲೆಕ್ಕ! ಆ 60 ಎತ್ತರ ಅಲ್ಲ. ಅಗಲದ ನೂರಕ್ಕೆ ಅರವತ್ತು. 205ರಲ್ಲಿ ನೂರಕ್ಕೆ ಅರವತ್ತು ಅಂದರೆ 123 ಮಿಲಿಮೀಟರ್. 225ರಲ್ಲಿ 135. ರಿಮ್ಮಿನ ಮೇಲೆ ನಿಲ್ಲುವ ರಬ್ಬರ್ ಗೋಡೆಯೇ 12 ಮಿಲಿಮೀಟರ್ ಎತ್ತರ ಆಯಿತು. ಇಡೀ ಟೈರಿನ ವ್ಯಾಸ ನೋಡಿ: 15 ಇಂಚಿನ ರಿಮ್ ಅಂದರೆ 381, ಅದಕ್ಕೆ ಮೇಲೊಂದು ಕೆಳಗೊಂದು ಗೋಡೆ ಸೇರಿಸಿ. 205/60 ಆದರೆ 627. 225/60 ಆದರೆ 651. ಅಗಲ ಮಾಡಲು ಹೋಗಿ ಎತ್ತರವನ್ನೂ ಮಾಡಿಕೊಂಡೆ, ಅದು ಗೊತ್ತೇ ಆಗಲಿಲ್ಲ.

ಹನ್ನೆರಡು ಮಿಲಿಮೀಟರ್ ಯಾವ ಮಹಾ ಅನ್ನುತ್ತೀರಾ? ಬೇರೆ ಗಾಡಿಯಲ್ಲಿ ಏನೂ ಆಗದೇ ಇರಬಹುದು. ಝೀನಲ್ಲಿ ಮುಂದೆ ಹಿಂದೆ ನಾಲ್ಕೂ ಕಡೆ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿರುವ ಕಂಬ. ಸ್ಟ್ರಟ್ ಕೊಳವೆಯ ಮೇಲೆ ಸ್ಪ್ರಿಂಗ್ ಕೂರುವ ಒಂದು ತಟ್ಟೆ ಬೆಸುಗೆ ಹಾಕಿರುತ್ತಾರೆ. ಆ ತಟ್ಟೆಯ ಅಂಚು ಟೈರಿನ ಕಡೆಗೆ ಚಾಚಿಕೊಂಡಿರುತ್ತದೆ. ಕಂಪನಿ ಕೊಟ್ಟಿದ್ದು ಬರೀ ನಾಲ್ಕೂವರೆ ಇಂಚಿನ ರಿಮ್, 175-14 ಟೈರ್. ಅದರ ವ್ಯಾಸವೂ ಸುಮಾರು 640 ಇತ್ತು, ಕಮ್ಮಿಯೇನಲ್ಲ. ಆದರೆ ಸಣಕಲು ಟೈರ್ ಆದ್ದರಿಂದ ತಟ್ಟೆಯ ಪಕ್ಕದಲ್ಲಿ ನಿಲ್ಲುತ್ತಿತ್ತು. ಅಗಲದ ಟೈರ್ ಹಾಗಲ್ಲ, ಅದು ತಟ್ಟೆಯ ಕೆಳಗೇ ನುಗ್ಗುತ್ತದೆ. ಆಗ ಎತ್ತರ ಮುಖ್ಯ ಆಗುತ್ತದೆ. ನನ್ನ ಹಳೇ 205/60ಕ್ಕೂ ತಟ್ಟೆಗೂ ನಡುವೆ ಒಂದು ಬೆರಳು ಜಾಗ ಇತ್ತು. ಆ ಒಂದು ಬೆರಳನ್ನು ಈ 12 ಮಿಲಿಮೀಟರ್ ನುಂಗಿತು.

ಇಷ್ಟು ಸಾಲದು ಅಂತ ರಿಮ್ ಬೇರೆ ಏಳರಿಂದ ಎಂಟಕ್ಕೆ ಹೋಗಿತ್ತು. ಆಫ್‌ಸೆಟ್ ಸೊನ್ನೆಯೇ ಇದ್ದರೆ ಹೆಚ್ಚಾದ ಒಂದಿಂಚು ಅರ್ಧ ಹೊರಗೆ, ಅರ್ಧ ಒಳಗೆ ಹೋಗುತ್ತದೆ. ನಾನು ಹೊರಗಿನದ್ದನ್ನೇ ಅಳೆದಿದ್ದೆ. ಮಡ್‌ಗಾರ್ಡಿಗೆ ದಾರ ಕಟ್ಟಿ ತೂಗುಬಿಟ್ಟು, ಸ್ಕೇಲ್ ಹಿಡಿದು, ಪೆನ್ಸಿಲ್ ಗುರುತು ಹಾಕಿ, ಬಲು ಶ್ರದ್ಧೆ. ಒಳಗೆ ಬಗ್ಗಿಯೂ ನೋಡಲಿಲ್ಲ. ಟೈರ್ ಮೇಲೆ ಬರೆದ ಅಗಲವೂ ನಂಬುವಂಥದ್ದಲ್ಲ ಅನ್ನುವುದು ಆಮೇಲೆ ತಿಳಿಯಿತು. ಆ ಅಗಲವನ್ನು ಒಂದು ಗೊತ್ತಾದ ರಿಮ್ಮಿನ ಮೇಲೆ ಕೂರಿಸಿ ಅಳೆದಿರುತ್ತಾರೆ. 225/60ಕ್ಕೆ ಅದು ಆರೂವರೆ ಇಂಚು. ರಿಮ್ ಅರ್ಧ ಇಂಚು ಅಗಲವಾದ ಹಾಗೆಲ್ಲ ಟೈರ್ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಹಾಗಾಗಿ ಎಂಟಿಂಚಿನ ಮೇಲೆ ನನ್ನ 225 ನಿಜಕ್ಕೂ 240ರ ಹತ್ತಿರ ಇತ್ತು.

ಗ್ಯಾರೇಜಿನವನು ಹಾಕಿಕೊಟ್ಟ. ಲಿಫ್ಟ್ ಮೇಲೆ ಕೈಯಲ್ಲಿ ತಿರುಗಿಸಿದಾಗ ಚಕ್ರ ಸಲೀಸಾಗಿ ತಿರುಗಿತು. ತಟ್ಟೆಗೂ ಟೈರಿಗೂ ನಡುವೆ ಒಂದು ಹಾಳೆ ತೂರುವಷ್ಟು ಸಂದಿ. "ಇದು ಸಾಕಾ" ಅಂದೆ. "ತಾಗುತ್ತಿಲ್ಲವಲ್ಲ" ಅಂದ. ಅವನ ಮಾತಿನಲ್ಲಿ ಅರ್ಧ ಸತ್ಯ ಇತ್ತು ಅನ್ನಬೇಕು. ಆ ತಟ್ಟೆ ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುತ್ತದೆ, ಮುಂದಿನ ಚಕ್ರದಲ್ಲಾದರೆ ಸ್ಟೇರಿಂಗ್ ತಿರುಗಿಸಿದಾಗ ಜೊತೆಗೇ ತಿರುಗುತ್ತದೆ. ಹಾಗಾಗಿ ಹಳ್ಳ ದಿಣ್ಣೆಗೆ ಆ ಸಂದಿ ಕಮ್ಮಿ ಆಗುವುದಿಲ್ಲ. ಮಡ್‌ಗಾರ್ಡ್ ಕಡೆಯ ಸಂದಿ ಹಾಗಲ್ಲ, ಅದು ಗಾಡಿ ಕುಗ್ಗಿದಾಗೆಲ್ಲ ಬದಲಾಗುತ್ತದೆ. ಅದಕ್ಕೇ ಎಲ್ಲರೂ ಹೊರಗಡೆಗೆ ಹೆದರುತ್ತಾರೆ, ಒಳಗಿನದ್ದನ್ನು ಮರೆಯುತ್ತಾರೆ. ಆದರೆ ಟೈರ್ ಕಬ್ಬಿಣ ಅಲ್ಲವಲ್ಲ. ಬಿಸಿಯಾದರೆ ಉಬ್ಬುತ್ತದೆ, ವೇಗಕ್ಕೆ ಹಿಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಹೊರಳುತ್ತದೆ. ಹಾಳೆಯಷ್ಟು ಸಂದಿ ಅದಕ್ಕೆ ಯಾವ ಲೆಕ್ಕ?

ಭಾನುವಾರ ಬೆಳಗ್ಗೆ ಸಾರಟೋಗಾ ಕಡೆಯಿಂದ ಹೈವೇ 9 ಹತ್ತಿ, ಸ್ಕೈಲೈನ್ ಅನ್ನುವ ಬೆಟ್ಟದ ರಸ್ತೆಯಲ್ಲಿ ವುಡ್‌ಸೈಡ್ ಕಡೆಗೆ ಹೊರಟೆ. ಗೊತ್ತಿಲ್ಲದವರಿಗೆ ಹೇಳಬೇಕಂದರೆ ಇಲ್ಲಿನ ಹಳೇ ಗಾಡಿಯವರಿಗೆಲ್ಲ ಅದೇ ದಾರಿ, ಮರಗಳ ನಡುವೆ ತಿರುವು ಮೇಲೆ ತಿರುವು. ಸ್ವಲ್ಪ ದೂರಕ್ಕೇ ರಬ್ಬರ್ ಸುಟ್ಟ ವಾಸನೆ. ಕ್ಲಚ್ ಹೋಯಿತು ಅಂದುಕೊಂಡೆ. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ, ಏನೂ ಇಲ್ಲ. ವಾಸನೆ ಹಿಂದಿನಿಂದ ಬರುತ್ತಿತ್ತು. ನೆಲದ ಮೇಲೆ ಮಲಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ತಟ್ಟೆಯ ಅಂಚಿನ ಕಪ್ಪು ಪೇಂಟ್ ಪೂರ್ತಿ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿದೆ. ಟೈರಿನ ಒಳಮೈಯಲ್ಲಿ ಸುತ್ತಲೂ ಉಗುರು ಕೂರುವಷ್ಟು ಆಳದ ಗೀರು. ಒಂದು ಕಡೆ ಒಳಗಿನ ದಾರವೇ ಕಾಣುತ್ತಿತ್ತು. ಹೊರಗಿಂದ ನೋಡಿದರೆ ಅದೇ ಟೈರ್ ಅಂಗಡಿಯಿಂದ ಈಗ ತಂದ ಹಾಗಿದೆ, ರಬ್ಬರಿನ ಸಣ್ಣ ಕೂದಲು ಕೂಡ ಉದುರಿಲ್ಲ! ಬೆಟ್ಟದ ಮೇಲಿಂದ ಟೋ ಟ್ರಕ್ಕಿನಲ್ಲಿ ಮನೆಗೆ ಬಂದೆ. ಸೈಡ್‌ವಾಲ್ ಕತ್ತರಿಸಿದರೆ ಅದಕ್ಕೆ ಪ್ಯಾಚ್ ಇಲ್ಲ, ಏನೂ ಇಲ್ಲ, ಎಸೆಯಬೇಕು ಅಷ್ಟೇ. ಹಿಂದಿನ ಎರಡು ಎಸೆದೆ. ಮುಂದಿನ ಎರಡು ಇನ್ನೂ ಗೀರು ಬಿದ್ದಿರಲಿಲ್ಲ. ಆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಬಂಪರ್ ಕೆಳಗಿನ ತಗಡಿನ ಮೂಲೆಗೆ ಕರಕರ ಅಂತ ತಾಗುತ್ತಿದ್ದವು. ಅವನ್ನೂ ಸಿಕ್ಕ ಬೆಲೆಗೆ ಕೊಟ್ಟೆ.

ಸ್ಪೇಸರ್ (ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ) ಹಾಕು ಅಂತ ಒಬ್ಬರು ಅಂದರು. ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಚಕ್ರವನ್ನು ಹೊರಗೆ ತಳ್ಳಿದರೆ ಒಳಗೆ ಜಾಗ ಆಗುತ್ತದೆ ನಿಜ, ಹೊರಗೆ ಮಡ್‌ಗಾರ್ಡಿನ ಅಂಚು ಟೈರನ್ನು ಕೆತ್ತಲು ಕಾದಿರುತ್ತದೆ. ಅತ್ತ ದರಿ, ಇತ್ತ ಪುಲಿ.

ಈಗ ನಿಮ್ಮ ಪ್ರಶ್ನೆ. ನನ್ನ ಕೇಳಿದರೆ ಪ್ರಶ್ನೆಯೇ ಸರಿಯಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟು ಅಗಲದ ಟೈರ್ ಹಿಡಿಸುತ್ತದೆ ಅಂತ ಕೇಳುತ್ತಿದ್ದೀರಿ. ಮೊದಲು ಕೇಳಬೇಕಾದ್ದು ವ್ಯಾಸ ಎಷ್ಟಿರಬೇಕು ಅಂತ. ಅದು ತೀರ್ಮಾನವಾದ ಮೇಲೆ ಅಗಲ, ಆಮೇಲೆ ಆ ಟೈರಿಗೆ ತಕ್ಕ ರಿಮ್. ನೀವು, ನನ್ನ ಹಾಗೆಯೇ, ರಿಮ್ಮಿನಿಂದ ಶುರು ಮಾಡಿದ್ದೀರಿ. ಗಾಡಿ ರಸ್ತೆಯಲ್ಲಿ ಓಡಿಸಲು ಇದ್ದರೆ ಆ ಎಂಟಿಂಚಿನ ರಿಮ್ ಮಾರಿಬಿಡಿ. ಏಳಿಂಚಿನದ್ದು ತಗೊಂಡು 205/60-15 ಹಾಕಿ. ಸುಮಾರು 1,050 ಕೆ.ಜಿ. ತೂಗುವ ಗಾಡಿ, ಪವರ್ ಸ್ಟೇರಿಂಗ್ ಇಲ್ಲ. ಅಗಲದ ಟೈರ್ ಹೊರಗೆ ಚಾಚಿದಷ್ಟೂ ಪಾರ್ಕಿಂಗ್‌ನಲ್ಲಿ ತೋಳು ನೋಯುತ್ತದೆ, ರಸ್ತೆಯ ಪ್ರತಿ ಬಿರುಕಿಗೂ ಸ್ಟೇರಿಂಗ್ ಎಳೆಯುತ್ತದೆ. ಹಳೇ ಕಾಲದ ಅಂದ ಬೇಕು ಅಂದರೆ 14 ಇಂಚಿನ ರಿಮ್ಮಿಗೆ 195/70-14 ಇನ್ನೂ ಒಳ್ಳೇದು. ವ್ಯಾಸ 629, ಹೆಚ್ಚುಕಮ್ಮಿ ಅಷ್ಟೇ.

ಇಲ್ಲ, ಮಾರಲ್ಲ, ಎಂಟೇ ಬೇಕು ಅನ್ನುತ್ತೀರಾ? ಹಾಗಾದರೆ 225/50-15. ವ್ಯಾಸ 606, ತಟ್ಟೆಯ ಕೆಳಗೆ ಜಾಗ ಉಳಿಯುತ್ತದೆ. ಕಂಪನಿ ಟೈರಿಗಿಂತ ಚಿಕ್ಕದಾದ್ದರಿಂದ ಸ್ಪೀಡೋಮೀಟರ್ ನೂರಕ್ಕೆ ಐದಾರು ಜಾಸ್ತಿ ತೋರಿಸುತ್ತದೆ, ಅದಕ್ಕೆ ಒಗ್ಗಿಕೊಳ್ಳಬಹುದು. ಆದರೆ ಆ ಟೈರಿಗೆ ಒಪ್ಪುವ ರಿಮ್ ಆರರಿಂದ ಎಂಟಿಂಚು. ನೀವು ಕೊನೇ ಮೆಟ್ಟಿಲ ಮೇಲೆ ನಿಂತಿದ್ದೀರಿ. 205ರ ಟೈರ್ 50 ಆಗಲಿ 60 ಆಗಲಿ, ಏಳೂವರೆಗೇ ಮುಗಿಯಿತು. 195/50 ಅನ್ನು ಎಳೆದು ಎಂಟಿಂಚಿಗೆ ಕೂರಿಸುವವರೂ ಇದ್ದಾರೆ. ಅದು ಏಳಿಂಚಿಗೇ ಮುಗಿಯುವ ಟೈರ್. ಫೋಟೋಕ್ಕೆ ಚೆಂದ. ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಂಡರೆ ಫೋಟೋ ತೆಗೆಯಲು ನೀವು ಇರಬೇಕಲ್ಲ. ಇನ್ನೊಂದು, ಒಳ್ಳೇ ಹಿಡಿತದ 15 ಇಂಚಿನ ಟೈರ್ ಹುಡುಕಿದರೆ 225/45 ಮತ್ತು 205/50 ಕಣ್ಣಿಗೆ ಬೀಳುತ್ತವೆ. ಅವನ್ನು ಜಾಸ್ತಿ ಕೊಳ್ಳುವವರು ಮಾಜ್ದಾ ಮಿಯಾಟಾ ಅನ್ನುವ ಪುಟ್ಟ ಸ್ಪೋರ್ಟ್ಸ್ ಕಾರಿನವರು. 225/45ರ ವ್ಯಾಸ 584 ಅಷ್ಟೇ, ಝೀಗೆ ತೀರಾ ಚಿಕ್ಕದು. ಹೈವೇನಲ್ಲಿ ಇಂಜಿನ್ ಸುಮ್ನೆ ಕೂಗುತ್ತಿರುತ್ತದೆ.

225/50 ಆದರೂ ನಾಲ್ಕು ಒಟ್ಟಿಗೆ ಕೊಳ್ಳಬೇಡಿ. ಒಂದೇ ಒಂದು ಟೈರ್, ಹಳೇದಾದರೂ ಪರವಾಗಿಲ್ಲ, ಎಲ್ಲಾದರೂ ಹುಡುಕಿ ರಿಮ್ಮಿಗೆ ಹಾಕಿಸಿ. ತಟ್ಟೆಯ ಅಂಚಿಗೆ ಮಕ್ಕಳು ಆಡುವ ಜೇಡಿಯನ್ನು ಒಂದು ಉಂಡೆ ಮೆತ್ತಿ, ಚಕ್ರ ಬಿಗಿದು ತಿರುಗಿಸಿ. ಜೇಡಿ ಎಷ್ಟು ದಪ್ಪಕ್ಕೆ ಒತ್ತಿಕೊಂಡಿತೋ ಅಷ್ಟೇ ನಿಮ್ಮ ಸಂದಿ. ನನ್ನ ಪ್ರಕಾರ 6 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಹಾಕಬಾರದು. ಹೊರಗಡೆ ನೋಡಲು ಸ್ಪ್ರಿಂಗ್ ಬಿಚ್ಚಿ ಸ್ಟ್ರಟ್ ಮಾತ್ರ ಕೂರಿಸಿ, ಜಾಕಿನಲ್ಲಿ ಚಕ್ರವನ್ನು ಪೂರ್ತಿ ಮೇಲಕ್ಕೆ ಎತ್ತಿ. ಮುಂದಿನದ್ದಾದರೆ ಎತ್ತಿದ ಸ್ಥಿತಿಯಲ್ಲೇ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ಅರ್ಧ ದಿನದ ಕೆಲಸ, ಕೈಯೆಲ್ಲ ಗ್ರೀಸು, ಆದರೆ ಇದನ್ನು ತಪ್ಪಿಸಬೇಡಿ.

ಹಿಂದಿನ ಮಡ್‌ಗಾರ್ಡಿನ ಒಳಅಂಚು ಮಡಿಸಬೇಕಾಗಿ ಬರಬಹುದು. ಅಲ್ಲಿ ಎರಡು ತಗಡು ಸೇರಿಸಿ ಬೆಸುಗೆ ಹಾಕಿರುತ್ತಾರೆ. ಮಡಿಸಿದಾಗ ಆ ಜೋಡಣೆ ಬಾಯಿ ಬಿಟ್ಟರೆ ನೀರು ಹೋಗುತ್ತದೆ, ಝೀಗೆ ತುಕ್ಕು ಹಿಡಿಯಲು ನೆಪ ಸಾಕು. ಪೇಂಟನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ ನಿಧಾನಕ್ಕೆ ಮಡಿಸುವವರ ಕೈಲೇ ಕೊಡಿ, ಆಮೇಲೆ ಸಂದಿಗೆ ಸೀಲರ್ ತುಂಬಿಸಿ. ಕಾಯಿಲೋವರ್, ಅಂದರೆ ಸಣ್ಣ ಸುತ್ತಳತೆಯ ಸ್ಪ್ರಿಂಗನ್ನು ಕೊಳವೆಯ ಸುತ್ತಲೇ ಕೂರಿಸುವ ಜೋಡಣೆ, ಹಾಕಿಸಿದರೆ ಆ ದೊಡ್ಡ ತಟ್ಟೆಯ ಕಾಟವೇ ತಪ್ಪುತ್ತದೆ. ಆದರೆ ಹಳೇ ತಟ್ಟೆ ಕತ್ತರಿಸಿ ಬೆಸುಗೆ ಹಾಕಬೇಕು. ಒಂದು ಜೊತೆ ರಿಮ್ ಉಳಿಸಿಕೊಳ್ಳಲು ಅಷ್ಟೆಲ್ಲ ಯಾಕೆ ಅನ್ನುವುದು ನನ್ನ ಮಾತು.

ಟೈರ್ ತಗೊಳ್ಳುವಾಗ ಪಕ್ಕದಲ್ಲಿರುವ ತಾರೀಖು ನೋಡಿ. DOT ಅಂತ ಶುರುವಾಗುವ ಸಾಲಿನ ಕೊನೇ ನಾಲ್ಕು ಅಂಕಿ, 2318 ಅಂತ ಇದ್ದರೆ 2018ರ 23ನೇ ವಾರದಲ್ಲಿ ಮಾಡಿದ್ದು. ಈ ಸೈಜುಗಳು ಅಂಗಡಿಯಲ್ಲಿ ಕೂತು ಕೂತು ಹಳತಾಗಿರುತ್ತವೆ, ಹೊಸದು ಅಂತಲೇ ಮಾರುತ್ತಾರೆ.

ನಾನು ಈಗ ಮತ್ತೆ 15×7, 205/60ಕ್ಕೆ ಬಂದಿದ್ದೇನೆ. ನೀವು ಒಂದು ಟೈರ್ ಹಾಕಿ ನೋಡಿದ ಮೇಲೆ ಇಲ್ಲೇ ಫೋಟೋ ಹಾಕಿ. ಹೊರಗಿನದ್ದು ಬೇಡ. ಒಳಗಿನಿಂದ, ಸ್ಟ್ರಟ್ಟೂ ತಟ್ಟೆಯೂ ಟೈರೂ ಒಟ್ಟಿಗೆ ಕಾಣುವ ಹಾಗೆ ತೆಗೆದು ಹಾಕಿ, ನೋಡಿ ಹೇಳುತ್ತೇನೆ.