ನಿಮ್ಮ ‘ಆಸ್ತಿ’ಯಲ್ಲಿ ಅಡಿಕೆಯೂ ಇದೆ, ಟೊಮೆಟೊವೂ ಇದೆ

ನಮಸ್ಕಾರ.

ನಿಮ್ಮ ‘ಕಾಯಬೇಕೋ, ಮಾರಬೇಕೋ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದನ್ನು ನೀವು ಬರೆಯಬಲ್ಲಿರಿ ಎಂಬ ನಂಬಿಕೆಯಿಂದಲೇ ಇಷ್ಟುದ್ದದ ಪತ್ರ ಬರೆಯುತ್ತಿದ್ದೇನೆ.

ಪ್ರಶ್ನೆ ಚೆನ್ನಾಗಿದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹಳೆಯ ತಂಡವನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿರುವವರು ಕೈಯಲ್ಲಿರುವ ಒಳ್ಳೆಯ ಆಟಗಾರರನ್ನು, ಮುಂದಿನ ವರ್ಷಗಳ ಡ್ರಾಫ್ಟ್ ಪಿಕ್‌ಗಳನ್ನು (ಲೀಗ್‌ಗೆ ಬರುವ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವ ಹಕ್ಕು) ಈಗಲೇ ಟ್ರೇಡ್ ಮಾಡಬೇಕೋ, ಅಂದರೆ ಬೇರೆ ತಂಡದ ಜೊತೆ ಅದಲುಬದಲು ಮಾಡಬೇಕೋ, ಕಾಯಬೇಕೋ? ಇದಕ್ಕೆ ನೀವು ಒಕ್ಲಹೋಮ ಸಿಟಿ, ಯೂಟಾ, ಬಾಸ್ಟನ್, ಟೊರೊಂಟೊ, ಫಿಲಡೆಲ್ಫಿಯಾ ಹೀಗೆ ಐದು ತಂಡಗಳ ಕಥೆ ಹೇಳಿದ್ದೀರಿ. ಕೊನೆಗೆ ‘ಇದಕ್ಕೆ ಕಾಲವೇ ಉತ್ತರಿಸಬೇಕು’ ಎಂದು ಮುಗಿಸಿದ್ದೀರಿ. ಓದುಗರು ಒಂಬತ್ತು ಪುಟ ನಿಮ್ಮ ಜೊತೆ ನಡೆದು ಬಂದಿದ್ದು ನೀವು ಉತ್ತರ ಹೇಳುತ್ತೀರಿ ಅಂತ. ಅವರನ್ನು ಬಾಗಿಲ ಹತ್ತಿರ ಬಿಟ್ಟು ನೀವು ಒಳಗೆ ಹೋದ ಹಾಗಾಯಿತು.

ಮೊದಲ ಪುಟ ಪೂರ್ತಿ ತೆಗೆಯಿರಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಶುರು ಮಾಡಿದರು ಅನ್ನುವುದು ನಿಜ. ನಿಮ್ಮ ಪ್ರಶ್ನೆಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಿಮ್ಮದೇ ಆರನೇ ಪುಟದಲ್ಲಿ, ಅರ್ಧ ವಾಕ್ಯದಲ್ಲಿ, ನೀವು ದಾಟಿಕೊಂಡು ಹೋದ ಒಂದು ದಿನ ಇದೆ. 2024ರ ಆಗಸ್ಟ್ 7. ಅಂದು ಯೂಟಾ ಜಾಜ್ ತಂಡದ ಲಾರಿ ಮಾರ್ಕನೆನ್ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಸುಮಾರು 23.8 ಕೋಟಿ ಡಾಲರ್, ಐದು ವರ್ಷ. ಆ ಬಗೆಯ ಒಪ್ಪಂದ ಮಾಡಿಕೊಂಡವರನ್ನು ಆರು ತಿಂಗಳು ಟ್ರೇಡ್ ಮಾಡುವಂತಿಲ್ಲ. ಆ ಸೀಸನ್ನಿನ ಟ್ರೇಡ್ ಗಡುವು 2025ರ ಫೆಬ್ರವರಿ 6. ಆಗಸ್ಟ್ 6ಕ್ಕೇ ಸಹಿ ಹಾಕಿದ್ದರೆ ಗಡುವಿನ ದಿನ ಅವರನ್ನು ಬೇರೆ ತಂಡಕ್ಕೆ ಕೊಡಬಹುದಿತ್ತು. ಒಂದೇ ಒಂದು ದಿನ ತಡ ಮಾಡಿದ್ದರಿಂದ ಇಡೀ ಸೀಸನ್ ಆ ಬಾಗಿಲು ಮುಚ್ಚಿತು. ಇದು ಮರೆತು ಆದದ್ದಲ್ಲ, ಲೆಕ್ಕ ಹಾಕಿಯೇ ಮಾಡಿದ್ದು. ನಿಮ್ಮ ಪ್ರಶ್ನೆಯೆಲ್ಲ ಆ ಒಂದು ದಿನದಲ್ಲಿ ಇದೆ ಅಲ್ವಾ? ಅಲ್ಲಿಂದ ಶುರು ಮಾಡಿ. ಓದುಗರು ಬಿಟ್ಟು ಏಳುವುದಿಲ್ಲ.

ಇನ್ನು ಮುಖ್ಯ ವಿಷಯ. ನೀವು ಎಲ್ಲದಕ್ಕೂ ‘ಆಸ್ತಿ’ ಎಂಬ ಒಂದೇ ಪದ ಬಳಸಿದ್ದೀರಿ. 27 ವರ್ಷದ ಮಾರ್ಕನೆನ್ ಕೂಡ ಆಸ್ತಿ, 2031ರ ಡ್ರಾಫ್ಟ್ ಪಿಕ್ ಕೂಡ ಆಸ್ತಿ. ಲೇಖನ ದಾರಿ ತಪ್ಪಿದ್ದು ಇಲ್ಲೇ. ತಮಾಷೆ ಏನೆಂದರೆ, ಅದನ್ನು ಸರಿಪಡಿಸುವ ಸಾಮಗ್ರಿಯೂ ನಿಮ್ಮ ಹತ್ತಿರವೇ ಇದೆ. ಪುತ್ತೂರಿನ ನಿಮ್ಮ ಅಜ್ಜ ರೇಟು ಬರಲಿ ಎಂದು ಅಡಿಕೆಯನ್ನು ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿ ಇಡುತ್ತಿದ್ದರು ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು. ಚಾಲಿ ಅಡಿಕೆಯಲ್ಲಿ ಹೊಸದಕ್ಕಿಂತ ಹಳತಿಗೆ ರೇಟು ಜಾಸ್ತಿ. ಕಾದವನಿಗೆ ಲಾಭ. ಆದರೆ ಕೋಲಾರದ ರೈತ ಟೊಮೆಟೊ ಕಿತ್ತು ಅಟ್ಟದಲ್ಲಿ ಇಡುತ್ತಾನೆಯೇ? ನಿಮ್ಮ ಹೋಲಿಕೆ ಅರ್ಧಕ್ಕೆ ನಿಂತಿದೆ. ಅದನ್ನು ಪೂರ್ತಿ ಮಾಡಿದರೆ ನಿಮ್ಮ ಉತ್ತರವೂ ಸಿಗುತ್ತದೆ.

ಡ್ರಾಫ್ಟ್ ಪಿಕ್ ಅಡಿಕೆಯ ಹಾಗೆ. ಅದಕ್ಕೆ ವಯಸ್ಸಾಗುವುದಿಲ್ಲ, ಮೊಣಕಾಲು ನೋಯುವುದಿಲ್ಲ, ಸಂಬಳವೂ ಕೊಡಬೇಕಿಲ್ಲ. ಯೂಟಾ 2025ರ ಜನವರಿಯಲ್ಲಿ ಏನು ಮಾಡಿತು ನೋಡಿ. ಮೂರು ಸಾಧಾರಣ ಮೊದಲ ಸುತ್ತಿನ ಪಿಕ್‌ಗಳನ್ನು ಫೀನಿಕ್ಸ್‌ಗೆ ಕೊಟ್ಟು, ಫೀನಿಕ್ಸ್‌ನ 2031ರ ಒಂದೇ ಪಿಕ್ ತೆಗೆದುಕೊಂಡಿತು. ಆರು ವರ್ಷ ಆಚೆಯದು. ಫೀನಿಕ್ಸ್‌ನ ದೊಡ್ಡ ಆಟಗಾರರಿಗೆ ಅಷ್ಟರಲ್ಲಿ ವಯಸ್ಸಾಗಿರುತ್ತದೆ, ತಂಡ ಕುಸಿದಿರುತ್ತದೆ, ಸೋತ ತಂಡಕ್ಕೆ ಆರಿಸುವ ಸರದಿ ಬೇಗ ಬರುವುದರಿಂದ ಆಗ ಆ ಪಿಕ್‌ಗೆ ಒಳ್ಳೆಯ ಬೆಲೆ ಬರುತ್ತದೆ ಎಂಬ ಲೆಕ್ಕ. ಇದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ದಯವಿಟ್ಟು ಸೇರಿಸಿ.

ಆಟಗಾರ ಟೊಮೆಟೊ. ಒಪ್ಪಂದದಲ್ಲಿ ವರ್ಷ ಕಡಿಮೆಯಾದ ಹಾಗೆ ಬೆಲೆ ಇಳಿಯುತ್ತದೆ. ಕೊನೆಗೆ ಒಂದು ದಿನ ಅವನು ಏನೂ ಸಿಗದಂತೆ ಎದ್ದು ಹೋಗಬಹುದು. ಟೊರೊಂಟೊ ಬಗ್ಗೆ ನೀವು ಒಂದು ಪ್ಯಾರಾ ಬರೆದಿದ್ದೀರಿ, ಅದಕ್ಕೆ ಒಂದು ಪುಟ ಕೊಡಿ. 2023ರ ಫೆಬ್ರವರಿಯಲ್ಲಿ ಎಲ್ಲರೂ ಅವರು ಮಾರುತ್ತಾರೆ ಅಂದುಕೊಂಡಿದ್ದರು. ಅವರು ಮಾರಲಿಲ್ಲ. ಬದಲಿಗೆ 2024ರ ಮೊದಲ ಸುತ್ತಿನ ಪಿಕ್ ಕೊಟ್ಟು ಯಾಕೊಬ್ ಪರ್ಟಲ್ ಅವರನ್ನು ತಂದರು. ಸೀಸನ್ ಮುಗಿದಾಗ 41 ಗೆಲುವು, 41 ಸೋಲು. ಏಪ್ರಿಲ್‌ನಲ್ಲಿ ಶಿಕಾಗೊ ವಿರುದ್ಧದ ಪ್ಲೇ-ಇನ್ (ಮುಂದಿನ ಘಟ್ಟಕ್ಕೆ ಅರ್ಹತೆ ಪಡೆಯುವ) ಪಂದ್ಯದಲ್ಲಿ 36 ಫ್ರೀ ಥ್ರೋಗಳಲ್ಲಿ 18 ತಪ್ಪಿಸಿ ಮನೆಗೆ ಹೋದರು. ಆ ಬೇಸಿಗೆಯಲ್ಲಿ ಅವರ ಆಟಗಾರ ಫ್ರೆಡ್ ವ್ಯಾನ್‌ವ್ಲೀಟ್ ಹ್ಯೂಸ್ಟನ್ ಸೇರಿದರು. ಟೊರೊಂಟೊಗೆ ಒಂದು ಪಿಕ್ಕೂ ಸಿಗಲಿಲ್ಲ. ಅಡಿಕೆಯನ್ನು ಕೊಟ್ಟು ಟೊಮೆಟೊವನ್ನು ಅಟ್ಟದಲ್ಲಿ ಇಟ್ಟರು. ಆ ತಪ್ಪು ಅರ್ಥವಾದ ಮೇಲೆ ಇನ್ನೊಬ್ಬ ಆಟಗಾರ ಪ್ಯಾಸ್ಕಲ್ ಸಿಯಾಕಮ್ ವಿಷಯದಲ್ಲಿ ಅವರು ಕಾಯಲಿಲ್ಲ. 2024ರ ಜನವರಿಯಲ್ಲಿ ಇಂಡಿಯಾನಾಗೆ ಕೊಟ್ಟು ಮೂರು ಮೊದಲ ಸುತ್ತಿನ ಪಿಕ್ ಪಡೆದರು.

ಈಗ ಒಕ್ಲಹೋಮ ಸಿಟಿ ಥಂಡರ್. ನಿಮ್ಮ ವಾದ ಪೂರ್ತಿ ನಿಂತಿರುವುದು ಇವರ ಮೇಲೆ. ‘ಥಂಡರ್ ತಾಳ್ಮೆಯಿಂದ ಕಾದರು, 2025ರಲ್ಲಿ ಚಾಂಪಿಯನ್ ಆದರು’ ಎಂದು ಮೂರು ಕಡೆ ಬರೆದಿದ್ದೀರಿ. ಇದು ಅರ್ಧ ಸತ್ಯ. ಅವರು ಕಾಯುವುದಕ್ಕೆ ಮೊದಲು ಮಾರಿದರು, ಅದೂ ಒಂದೇ ತಿಂಗಳಲ್ಲಿ. 2019ರ ಜುಲೈನಲ್ಲಿ ಅವರ ದೊಡ್ಡ ಆಟಗಾರ ಪಾಲ್ ಜಾರ್ಜ್ ತನ್ನನ್ನು ಬೇರೆ ಕಡೆ ಕಳಿಸಿ ಎಂದು ಕೇಳಿದರು. ವರ್ಷದ ಅತ್ಯುತ್ತಮ ಆಟಗಾರ (ಎಂವಿಪಿ) ಮತದಾನದಲ್ಲಿ ಮೂರನೇ ಸ್ಥಾನಕ್ಕೆ ಬಂದ ಸೀಸನ್ ಆಗಷ್ಟೇ ಮುಗಿದಿತ್ತು. ಅವರ ಬೆಲೆ ಅದಕ್ಕಿಂತ ಮೇಲೆ ಹೋಗುವುದು ಸಾಧ್ಯವಿರಲಿಲ್ಲ. ಅವರನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕೊಟ್ಟಾಗ ಅಲ್ಲಿಂದ ಐದು ಮೊದಲ ಸುತ್ತಿನ ಪಿಕ್, ಎರಡು ಪಿಕ್ ಅದಲುಬದಲು ಹಕ್ಕು (ಎರಡೂ ತಂಡಗಳ ಪಿಕ್‌ಗಳಲ್ಲಿ ಒಳ್ಳೆಯದನ್ನು ತೆಗೆದುಕೊಳ್ಳುವ ಹಕ್ಕು), ಡನಿಲೊ ಗಲಿನಾರಿ ಮತ್ತು ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್ ಬಂದರು. ಅದೇ ತಿಂಗಳು ಇನ್ನೊಬ್ಬ ದೊಡ್ಡ ಆಟಗಾರ ರಸೆಲ್ ವೆಸ್ಟ್‌ಬ್ರೂಕ್ ಹ್ಯೂಸ್ಟನ್‌ಗೆ ಹೋದರು. ಟೊಮೆಟೊ ಎಲ್ಲ ಒಂದೇ ಸಂತೆಯಲ್ಲಿ ಖಾಲಿ. ಆಮೇಲೆ ಅಡಿಕೆ ಇಟ್ಟುಕೊಂಡು ಕಾದರು.

ಆ ಕಾಯುವಿಕೆಯ ಫಲವನ್ನೂ ಹೆಸರು ಹೇಳಿ ತೋರಿಸಿ. ಕ್ಲಿಪ್ಪರ್ಸ್ ಕೊಟ್ಟ ಪಿಕ್‌ಗಳಲ್ಲಿ ಒಂದು 2022ರಲ್ಲಿ 12ನೇದಾಗಿ ಬಂತು. ಅದರಲ್ಲಿ ಆರಿಸಿದ್ದು ಜೇಲೆನ್ ವಿಲಿಯಮ್ಸ್ ಅವರನ್ನು. ಅದೇ ರಾತ್ರಿ ಥಂಡರ್‌ನ ಸ್ವಂತ 2ನೇ ಪಿಕ್‌ನಲ್ಲಿ ಚೆಟ್ ಹೋಮ್‌ಗ್ರೆನ್. ನಡುವೆ 22 ಗೆಲುವಿನ ಒಂದು ಸೀಸನ್, 24 ಗೆಲುವಿನ ಇನ್ನೊಂದು. ಆಮೇಲೆ 40, 57, 68. ಫೈನಲ್ಸ್‌ನ ಏಳನೇ ಪಂದ್ಯವನ್ನು ನಾನು ಜೂನ್ 23ರ ಸೋಮವಾರ ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದೆ. ಗಿಲ್ಜಸ್-ಅಲೆಕ್ಸಾಂಡರ್ ಕಪ್ ಎತ್ತಿದಾಗ ನನ್ನ ತಲೆಗೆ ಬಂದಿದ್ದು ಆರು ವರ್ಷ ಹಿಂದಿನ ಆ ಜುಲೈ.

ಇನ್ನೊಂದು ಮಾತು, ಇದು ಸ್ವಲ್ಪ ಸೂಕ್ಷ್ಮ. ಪಿಕ್ ಅಡಿಕೆಯಾಗಿರುವುದು ಅದನ್ನು ಬಳಸುವ ತನಕ ಮಾತ್ರ. ಒಬ್ಬ ಹುಡುಗನನ್ನು ಆರಿಸಿದ ದಿನವೇ ಅದು ಟೊಮೆಟೊ ಆಗುತ್ತದೆ. ಮೊದಲ ಸುತ್ತಿನ ಆಟಗಾರನ ಅಗ್ಗದ ಒಪ್ಪಂದ ನಾಲ್ಕು ವರ್ಷ. ಮೂರು ವರ್ಷ ಆಗುತ್ತಿದ್ದ ಹಾಗೆ ದೊಡ್ಡ ಒಪ್ಪಂದದ ಮಾತು ಶುರು. ಹೋಮ್‌ಗ್ರೆನ್, ವಿಲಿಯಮ್ಸ್ ಇಬ್ಬರಿಗೂ 2025ರ ಜುಲೈನಲ್ಲಿ ಅದು ಆಯಿತು. ತಂಡದಲ್ಲಿ ಪೂರ್ಣ ಒಪ್ಪಂದದ ಜಾಗ ಇರುವುದೂ 15 ಮಾತ್ರ. ಹಾಗಾಗಿ ಮೂಟೆಗಟ್ಟಲೆ ಪಿಕ್ ಇಟ್ಟುಕೊಂಡವರು ಯಾವಾಗಲೋ ಒಂದು ದಿನ ಸಂತೆಗೆ ಹೋಗಲೇಬೇಕು. ‘ಎಷ್ಟು ಕಾಯಬೇಕು’ ಎಂಬ ನಿಮ್ಮ ನಾಲ್ಕನೇ ಭಾಗಕ್ಕೆ ಉತ್ತರ ಇಲ್ಲಿದೆ.

ಬಾಸ್ಟನ್ ಕಥೆ ಚೆನ್ನಾಗಿ ಬರೆದಿದ್ದೀರಿ. 2013ರಲ್ಲಿ 37ರ ಗಾರ್ನೆಟ್ ಮತ್ತು 35ರ ಪಿಯರ್ಸ್ ಅವರನ್ನು ಬ್ರೂಕ್ಲಿನ್‌ಗೆ ಕೊಟ್ಟಿದ್ದು, ಆ ಪಿಕ್‌ಗಳಿಂದ ಜೇಲೆನ್ ಬ್ರೌನ್ ಮತ್ತು ಜೇಸನ್ ಟೇಟಮ್ ಬಂದಿದ್ದು, 2024ರಲ್ಲಿ ಚಾಂಪಿಯನ್ ಆಗಿದ್ದು. ಆದರೆ ಆ ಟ್ರೇಡ್ ಮಾಡಿದ ಡ್ಯಾನಿ ಏಂಜ್ ಅವರೇ 2021ರ ಕೊನೆಯಲ್ಲಿ ಯೂಟಾಗೆ ಬಂದರು ಎಂಬುದನ್ನು ಹೇಳಿಲ್ಲ. ಮುಂದಿನ ಬೇಸಿಗೆಯಲ್ಲೇ ಯೂಟಾ ರೂಡಿ ಗೊಬೇರ್ ಮತ್ತು ಡೊನೊವನ್ ಮಿಚೆಲ್ ಇಬ್ಬರನ್ನೂ ಕೊಟ್ಟುಬಿಟ್ಟಿತು. ಗೊಬೇರ್‌ಗೆ ನಾಲ್ಕು ಮೊದಲ ಸುತ್ತಿನ ಪಿಕ್, ಮಿಚೆಲ್‌ಗೆ ಮೂರು. ಮಾರ್ಕನೆನ್ ಬಂದಿದ್ದೇ ಮಿಚೆಲ್ ಟ್ರೇಡ್‌ನಲ್ಲಿ. ಈ ಒಂದು ಎಳೆ ನಿಮ್ಮ ಎರಡು ತಂಡಗಳನ್ನು ಕಟ್ಟುತ್ತದೆ. ಫಿಲಡೆಲ್ಫಿಯಾವನ್ನು ಬಿಟ್ಟುಬಿಡಿ. ಅದು ಬೇರೆಯದೇ ಲೇಖನ.

ಒಂದು ತಪ್ಪು ಇದೆ, ಇದನ್ನು ತಿದ್ದದೆ ನಾನು ಮುಂದೆ ಹೋಗಲಾರೆ. ‘ಕೊನೆಯ ಸ್ಥಾನ ಬಂದ ತಂಡಕ್ಕೆ ಮೊದಲ ಪಿಕ್ ಸಿಗುತ್ತದೆ’ ಎಂದಿದ್ದೀರಿ. ಹಾಗಿಲ್ಲ. ಲಾಟರಿ ಇದೆ. 2019ರಲ್ಲಿ ಬಂದ ನಿಯಮದ ಪ್ರಕಾರ ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಅವಕಾಶ ತಲಾ ಶೇ. 14 ಮಾತ್ರ. ಯೂಟಾಗೆ ಇದು ಎಷ್ಟು ನೋವು ಕೊಟ್ಟಿತು ನೋಡಿ. 2024–25ರಲ್ಲಿ 17 ಗೆಲುವು, 65 ಸೋಲು. ಆ ತಂಡದ ಇತಿಹಾಸದಲ್ಲೇ ಅತಿ ಕಡಿಮೆ ಗೆಲುವು, ಲೀಗ್‌ನಲ್ಲಿ ಕೊನೆಯ ಸ್ಥಾನ. 2025ರ ಮೇ 12ರ ಲಾಟರಿಯಲ್ಲಿ ಅವರು ಬಿದ್ದಿದ್ದು 5ನೇ ಸ್ಥಾನಕ್ಕೆ. ಅದಕ್ಕಿಂತ ಕೆಳಗೆ ಬೀಳಲು ಆ ನಿಯಮದಲ್ಲಿ ಜಾಗವೇ ಇರಲಿಲ್ಲ. ಶೇ. 1.8 ಅವಕಾಶ ಇದ್ದ ಡಲ್ಲಾಸ್‌ಗೆ ಮೊದಲ ಪಿಕ್, ಅದರಲ್ಲಿ ಅವರು ಆರಿಸಿದ್ದು ಕೂಪರ್ ಫ್ಲ್ಯಾಗ್ ಅವರನ್ನು. ಕಾಯುವವರ ಲೆಕ್ಕದಲ್ಲಿ ಈ ಅದೃಷ್ಟವೂ ಸೇರಬೇಕು. ಹಾಗೆಯೇ ‘ಐಪಿಎಲ್ ಹರಾಜಿನ ಹಾಗೆ’ ಎಂಬ ಮಾತನ್ನು ತೆಗೆಯಿರಿ. ಹರಾಜಿನಲ್ಲಿ ದುಡ್ಡಿದ್ದವರು ಕೂಗುತ್ತಾರೆ. ಇಲ್ಲಿ ಸರದಿ ಬಂದವರು ಆರಿಸುತ್ತಾರೆ, ಆ ಸರದಿಯನ್ನೇ ಮಾರಬಹುದು. ನಮ್ಮ ಓದುಗರಿಗೆ ಇದನ್ನು ಎರಡು ವಾಕ್ಯದಲ್ಲಿ ಬಿಡಿಸಿ ಹೇಳಿ, ಸಾಕು.

ನಿಮ್ಮ ಭಾಷೆಯ ಬಗ್ಗೆ. ‘ತಂಡದ ಕಿಟಕಿ ತೆರೆದಿದೆ’, ‘ಯುವ ತಿರುಳು’, ‘ಮೇಜಿನ ಮೇಲೆ ಪ್ರಸ್ತಾಪವಿದೆ’. ಇವನ್ನು ಜೋರಾಗಿ ಓದಿ ನೋಡಿ. ನಿಮ್ಮ ಅಜ್ಜನಿಗೆ ಹೀಗೆ ಹೇಳುತ್ತಿದ್ದಿರಾ? ‘ಗೆಲ್ಲುವ ಕಾಲ ಬಂದಿದೆ’, ‘ಎಳೆಯ ಆಟಗಾರರು’, ‘ಕೇಳಿಕೊಂಡು ಬಂದಿದ್ದಾರೆ’ ಅನ್ನಿ. ಅಡಿಕೆಯ ಭಾಗದಲ್ಲಿ ನಿಮ್ಮ ವಾಕ್ಯಗಳು ಎಷ್ಟು ಸಲೀಸಾಗಿವೆ! ಅಲ್ಲಿ ನೀವು ಯೋಚಿಸಿದ್ದೇ ಕನ್ನಡದಲ್ಲಿ. ಪಿಕ್, ಟ್ರೇಡ್, ಡ್ರಾಫ್ಟ್ ಹಾಗೇ ಇರಲಿ, ಅವಕ್ಕೆ ಸುಮ್ನೆ ಹೊಸ ಪದ ಹುಡುಕಬೇಡಿ.

ಕೊನೆಯದಾಗಿ, ನನಗೆ ತುಂಬ ಕಾಡಿದ್ದು. ನಿಮ್ಮ ಲೇಖನದಲ್ಲಿ ಮನುಷ್ಯರಿಲ್ಲ. ಟೊಮೆಟೊ ಅಂತ ನಾನೇ ಇಷ್ಟು ಹೊತ್ತು ಹೇಳಿದೆ, ಆದರೆ ಆಟಗಾರ ಟೊಮೆಟೊ ಅಲ್ಲ. ಮಾರ್ಕನೆನ್ 2022–23ರಲ್ಲಿ ಪಂದ್ಯಕ್ಕೆ 25.6 ಅಂಕ ಹೊಡೆದು, ಆ ವರ್ಷ ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ ಗೆದ್ದವರು. ಎರಡು ವರ್ಷ ಕಳೆದು 47 ಪಂದ್ಯ ಮಾತ್ರ ಆಡಿದರು. ಅವರನ್ನು ಆಡಿಸದೆ ಕೂರಿಸಿದ್ದಕ್ಕೆ 2025ರ ಮಾರ್ಚ್‌ನಲ್ಲಿ ಲೀಗ್ ಯೂಟಾಗೆ ಒಂದು ಲಕ್ಷ ಡಾಲರ್ ದಂಡ ಹಾಕಿತು. ಸಾಲ್ಟ್ ಲೇಕ್ ಸಿಟಿಯಲ್ಲಿ ಟಿಕೆಟ್ ಕೊಂಡು ಬಂದ ಮಕ್ಕಳು ಯಾರನ್ನು ನೋಡಲು ಬಂದಿದ್ದರು? ಇದನ್ನು ಬರೆಯದೆ ಕಾಯುವುದರ ಬೆಲೆಯನ್ನು ಹೇಳಲಾಗದು.

ನನ್ನ ಅಭಿಪ್ರಾಯ ಕೇಳಿದರೆ, ಯೂಟಾ 2024ರ ಬೇಸಿಗೆಯಲ್ಲೇ ಮಾರ್ಕನೆನ್ ಅವರನ್ನು ಕೊಡಬೇಕಿತ್ತು. ಗೋಲ್ಡನ್ ಸ್ಟೇಟ್ ಕೇಳಿಕೊಂಡು ಬಂದಿದೆ ಎಂಬ ವರದಿಗಳಿದ್ದವು. ಇಪ್ಪತ್ತೇಳರ ಆಟಗಾರನನ್ನು ಇಟ್ಟುಕೊಂಡು ಹತ್ತೊಂಬತ್ತು ಇಪ್ಪತ್ತರ ಹುಡುಗರು ಬೆಳೆಯಲಿ ಎಂದು ಕಾಯುವಾಗ ಕಳೆದುಹೋಗುವುದು ಅವನ ಒಳ್ಳೆಯ ವರ್ಷಗಳು. ನೀವು ಇದನ್ನು ಒಪ್ಪಬೇಕಿಲ್ಲ. ಅಂಥ ಎತ್ತರದ, ಅಂಥ ಶೂಟಿಂಗ್ ಇರುವ ಆಟಗಾರ ಮತ್ತೆ ಸಿಗುವುದಿಲ್ಲ, ಇಟ್ಟುಕೊಂಡಿದ್ದೇ ಸರಿ ಎಂದು ನೀವು ವಾದಿಸಿದರೂ ನಾನು ಖುಷಿಯಿಂದ ಪ್ರಕಟಿಸುತ್ತೇನೆ. ಯಾವುದಾದರೂ ಒಂದು ಕಡೆ ನಿಲ್ಲಿ, ಅಷ್ಟೆ.

ಒಂದೂವರೆ ಸಾವಿರ ಪದಕ್ಕೆ ಇಳಿಸಿ. ಯೂಟಾ ನಡುವೆ ಇರಲಿ, ಥಂಡರ್ ಮತ್ತು ಟೊರೊಂಟೊ ಎರಡು ಬದಿಗೆ. 2025ರ ಜೂನ್ 25ರ ಡ್ರಾಫ್ಟ್ ರಾತ್ರಿಗೆ, ಯೂಟಾ ಆ 5ನೇ ಪಿಕ್‌ನಲ್ಲಿ ಆರಿಸಿದ ಏಸ್ ಬೈಲಿ ಹೆಸರು ಕರೆದಲ್ಲಿಗೆ ಕಥೆ ನಿಲ್ಲಿಸಿ. ಅಜ್ಜನ ಅಟ್ಟದ ಬಗ್ಗೆ ಇನ್ನೂ ನಾಲ್ಕು ವಾಕ್ಯ ಜಾಸ್ತಿ ಬರೆಯಿರಿ. ಒಮ್ಮೆಯಾದರೂ ಅವರು ಕಾದು ಕೆಟ್ಟಿದ್ದು ನೆನಪಿದ್ದರೆ ಅದನ್ನೂ ಬರೆಯಿರಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಬಂದ ವಾರದಲ್ಲೇ ಓದುತ್ತೇನೆ.