ಕೋಟೆ ಹತ್ತುವ ಆಟ, ಚದುರುವ ಒತ್ತಕ್ಷರ

ಪ್ರಶ್ನೆ: ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಆಟ ಮಾಡಿ ಮಾರಿದರೆ ಅದನ್ನು ರೂಪಿಸಿದವರಿಗೆ ಪಾಲು ಕೊಡಬೇಕೆ? ನನ್ನದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್, ಸಾಕಾಗುತ್ತಾ?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಒಂದು ಪೈಸೆಯೂ ಬೇಡ. 2014ರಿಂದ ಅದು ಎಂಐಟಿ ಪರವಾನಗಿಯಲ್ಲಿ (ಯಾರು ಬೇಕಾದರೂ ಬಳಸಿ ಮಾರಬಹುದಾದ ಪರವಾನಗಿ) ಮುಕ್ತವಾಗಿದೆ. ಆ ಪರವಾನಗಿಯ ಪಠ್ಯ ನಿಮ್ಮ ಆಟದೊಳಗೆ ಎಲ್ಲಾದರೂ ಇರಬೇಕು, ಅಷ್ಟೆ. ಚಿಕ್ಕ 2ಡಿ ಆಟಕ್ಕೆ 4 ಜಿಬಿ ನಡೆಯುತ್ತದೆ. ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) 'ಕಂಪ್ಯಾಟಿಬಿಲಿಟಿ' ಇರಲಿ. ಇನ್ನೊಂದು ಆಯ್ಕೆ 'ಫಾರ್ವರ್ಡ್ ಪ್ಲಸ್' ವಲ್ಕನ್‌ನಂಥ ಹೊಸ ಗ್ರಾಫಿಕ್ಸ್ ವ್ಯವಸ್ಥೆ ಕೇಳುತ್ತದೆ, ಹಳೇ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಎಷ್ಟೋ ಸಲ ಅದಿರುವುದಿಲ್ಲ.

ಪ್ರಶ್ನೆ: ಏಳು ಸುತ್ತಿನ ಕೋಟೆ ಹತ್ತುವ ಆಟ ಮಾಡುತ್ತಿದ್ದೇನೆ. ಗೋಡೋ 3ರಲ್ಲಿ 'ಚಿತ್ರದುರ್ಗ' ಎಂದು ಬರೆದರೆ ಒತ್ತು ಬಿಡಿಬಿಡಿಯಾಗಿ ಬರುತ್ತದೆ. ಗೆಳೆಯನ ಗೋಡೋ 4ರಲ್ಲಿ ಸರಿಯಿದೆ, ಆದರೆ ಬ್ರೌಸರ್‌ನಲ್ಲಿ ಬರೀ ಚೌಕ. ಇನ್ನೊಂದು, ಬಂಡೆಗಳನ್ನು ಎಷ್ಟು ಎತ್ತರಕ್ಕೆ ಇಡಬಹುದು?
– ಓದುಗರು, ಚಿತ್ರದುರ್ಗ

ಉತ್ತರ: ಫಾಂಟ್ ಬದಲಾಯಿಸುತ್ತಾ ಕೂರಬೇಡಿ, ತಪ್ಪು ಫಾಂಟ್‌ನದಲ್ಲ. ಗೋಡೋ 3 ಅಕ್ಷರಗಳನ್ನು ಕೂಡಿಸುವುದೇ ಇಲ್ಲ, ಒಂದೊಂದನ್ನೂ ಬೇರೆಯಾಗಿ ಬರೆಯುತ್ತದೆ. 2023ರಲ್ಲಿ ಬಂದ 4.0ರಿಂದ ಈ ತೊಂದರೆ ಇಲ್ಲ. ಕನ್ನಡದ ಆಟಕ್ಕೆ 4 ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಚೌಕದ ಕಾರಣ ಬೇರೆ. ಗೋಡೋದ ಮೂಲ ಫಾಂಟ್‌ನಲ್ಲಿ ಕನ್ನಡವಿಲ್ಲ. ವಿಂಡೋಸ್‌ನಲ್ಲಿ ಅದು ಸಿಸ್ಟಮ್‌ನ ಫಾಂಟ್ ಎರವಲು ಪಡೆಯುತ್ತದೆ, ಬ್ರೌಸರ್‌ನಲ್ಲಿ ಆ ಸೌಲಭ್ಯವಿಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟ್‌ನ ಟಿಟಿಎಫ್ ಕಡತವನ್ನು ಪ್ರಾಜೆಕ್ಟ್ ಫೋಲ್ಡರಿಗೆ ಹಾಕಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜಿಯುಐ, ಥೀಮ್ ಭಾಗದಲ್ಲಿ 'ಕಸ್ಟಮ್ ಫಾಂಟ್' ಆಗಿ ಕೊಡಿ. ಪರೀಕ್ಷೆಗೆ ನಿಮ್ಮೂರಿನ ಹೆಸರೇ ಸಾಕು: ಒತ್ತೂ ಇದೆ, ಅರ್ಕಾವತ್ತೂ ಇದೆ.

ಮಾತು ಒಂದೊಂದೇ ಅಕ್ಷರವಾಗಿ ಮೂಡಿಸುವುದಿದ್ದರೆ ಇನ್ನೊಂದು ತೊಡಕುಂಟು. 'ತ್ರ' ಮೂಡುವ ಮುಂಚೆ 'ತ', ಆಮೇಲೆ 'ತ್' ಮಿನುಗುತ್ತದೆ. ಲೇಬಲ್‌ನ 'ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್' ಅನ್ನು 'ಕ್ಯಾರೆಕ್ಟರ್ಸ್ ಆಫ್ಟರ್ ಶೇಪಿಂಗ್' ಮಾಡಿ. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಬಂಡೆಯ ಲೆಕ್ಕ ಸುಲಭ: ನೆಗೆತದ ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿ. ಮಾದರಿ ಸ್ಕ್ರಿಪ್ಟ್‌ನಲ್ಲಿ ನೆಗೆತ -400 (ಗೋಡೋದಲ್ಲಿ ಮೇಲಕ್ಕೆ ಅಂದರೆ ಮೈನಸ್), ಗುರುತ್ವ 980. ಏರುವುದು ಸುಮಾರು 80 ಪಿಕ್ಸೆಲ್. 64 ಪಿಕ್ಸೆಲ್‌ನ ಒಂದು ಟೈಲ್ (ಬಂಡೆಯ ಚೌಕ ತುಂಡು) ನಿಮ್ಮ ಆಟದ ಪಾತ್ರ ದಾಟುತ್ತಾನೆ, ಎರಡು ದಾಟಲಾರ. ಎರಡಕ್ಕೆ -520 ಇಟ್ಟರೆ ಸಾಕು. ಗುರುತ್ವವನ್ನು ಡೆಲ್ಟಾದಿಂದ (ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಹಿಡಿಯುವ ಸಮಯ) ಗುಣಿಸಲೇಬೇಕು. ಆದರೆ ಅಡ್ಡ ಓಟದ ವೇಗವನ್ನು ಗುಣಿಸಬೇಡಿ, ಪಾತ್ರವನ್ನು ಸರಿಸುವ 'ಮೂವ್ ಅಂಡ್ ಸ್ಲೈಡ್' ಆ ಕೆಲಸ ತಾನೇ ಮಾಡುತ್ತದೆ. ನೀವೂ ಗುಣಿಸಿದರೆ ಸೆಕೆಂಡಿಗೆ 300 ಪಿಕ್ಸೆಲ್ ಓಡಬೇಕಾದವನು 5 ಪಿಕ್ಸೆಲ್ ತೆವಳುತ್ತಾನೆ.