ಮಂಡ್ಯ ಹತ್ತಿರ 2 ಮೆಗಾವ್ಯಾಟ್ ಬಯೋಮಾಸ್ ಪ್ಲಾಂಟ್: 15 ಮೆಗಾವ್ಯಾಟ್ ಒಳಗಿದ್ದರೆ ಮಾಲಿನ್ಯ ಮಂಡಳಿಯ ಅನುಮತಿ ಬೇಡವಾ?

ಬೇಕು. ಬಯೋಮಾಸ್ ಅಂತ ಭತ್ತದ ಹೊಟ್ಟು, ತರಗು ಇಂಥದ್ದನ್ನು ಸುಡುವುದಾದರೆ 2 ಮೆಗಾವ್ಯಾಟ್‌ಗೂ ಬೇಕು, 200 ಕಿಲೋವ್ಯಾಟ್‌ಗೂ ಬೇಕು.

ಹೊಟ್ಟು ಕೊಂಡು ತಂದು, ಸುಟ್ಟು, ಕರೆಂಟ್ ಮಾಡಿ ಮಾರಬೇಕು ಅಂತ ಹೊರಟಿದ್ದೀರಿ, ನಿಮಗೆ ಬಾಯ್ಲರ್ ಮಾರುವವರು "15 ಮೆಗಾವ್ಯಾಟ್ ಒಳಗೆ ಎಲ್ಲಾ ವಿನಾಯಿತಿ ಸಾರ್" ಅಂದರು ಅಂತ ಬರೆದಿದ್ದೀರಿ. ಇದೇ ಮಾತನ್ನು ನನಗೂ ಹೇಳಿದ್ದರು. ನಮ್ಮದು ಮದ್ದೂರು ಕಡೆ ರೈಸ್ ಮಿಲ್, ಅಪ್ಪನ ಕಾಲದ್ದು. ಕುಸುಬಲಕ್ಕಿ ಮಾಡುತ್ತೇವೆ, ಹಾಗಾಗಿ ಭತ್ತ ಬೇಯಿಸಲು, ಒಣಗಿಸಲು ಹಬೆ ಬೇಕೇ ಬೇಕು. ಹಳೆಯದು 3 ಟನ್ ಬಾಯ್ಲರ್, ಅಂದರೆ ಗಂಟೆಗೆ 3 ಟನ್ ಹಬೆ ಕೊಡುವಂಥದ್ದು. ಮಿಲ್ ದೊಡ್ಡದು ಮಾಡುವಾಗ 6 ಟನ್‌ನದು ತಂದು, ಅದೇ ಹಬೆಯಲ್ಲಿ ಒಂದು ಚಿಕ್ಕ ಟರ್ಬೈನ್ ತಿರುಗಿಸಿ ಮಿಲ್‌ಗೆ ಸಾಕಾಗುವಷ್ಟು ಕರೆಂಟ್ ನಾವೇ ಮಾಡಿಕೊಳ್ಳೋಣ ಅಂತ ಹೊರಟೆವು. ಅರ್ಧ ಮೆಗಾವ್ಯಾಟ್‌ಗೂ ಕಡಿಮೆ. ಇಷ್ಟು ಚಿಕ್ಕದಕ್ಕೆ ಯಾರು ಬಂದು ಕೇಳುತ್ತಾರೆ ಅನ್ನುವ ಧೈರ್ಯ ಒಂದು ಕಡೆ, ಕೈಯಲ್ಲಿ ಒಂದು ಪ್ರಿಂಟ್‌ಔಟ್ ಇನ್ನೊಂದು ಕಡೆ.

ಆ ಪ್ರಿಂಟ್‌ಔಟ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಹೋಗಿದ್ದು ಅಲ್ಲೇ, ನೀವೂ ಈಗ ಅಲ್ಲೇ ನಿಂತಿದ್ದೀರಿ. ಅದು 2006ರ ಇಐಎ, ಅಂದರೆ ಪರಿಸರದ ಮೇಲಿನ ಪರಿಣಾಮ ಅಳೆಯುವ ಅಧಿಸೂಚನೆಯ ಪಟ್ಟಿ. ಅದರಲ್ಲಿ 1(ಡಿ) ಅಂತ ಥರ್ಮಲ್ ಪವರ್ ಪ್ಲಾಂಟ್‌ಗಳ ಸಾಲು ಇದೆ. 2009ರಲ್ಲಿ ತಿದ್ದುಪಡಿ ಮಾಡಿ, ಆ ಸಾಲಿನ ಕೊನೆಯ ಅಂಕಣದಲ್ಲಿ ಹೀಗೆ ಸೇರಿಸಿದರು: ಬಯೋಮಾಸ್ ಸುಡುವ 15 ಮೆಗಾವ್ಯಾಟ್ ವರೆಗಿನ ಪ್ಲಾಂಟ್‌ಗಳಿಗೆ, ಜೊತೆಗೆ ಹಾಕುವ ಕಲ್ಲಿದ್ದಲು, ಎಣ್ಣೆ ಇತ್ಯಾದಿ 15 ಪರ್ಸೆಂಟ್ ದಾಟದಿದ್ದರೆ, ವಿನಾಯಿತಿ. ನಾನು ಈ ಕೊನೆಯ ಅಂಕಣ ಮಾತ್ರ ಓದಿದೆ. ಮೊದಲ ಪುಟ ಓದಲಿಲ್ಲ. ಆ ಇಡೀ ಅಧಿಸೂಚನೆ ಇರುವುದು ಪರಿಸರ ಅನುಮೋದನೆ ಬಗ್ಗೆ, ಅಂದರೆ ಜನರನ್ನು ಕರೆದು ಸಭೆ ಮಾಡಿ, ಪರಿಣಾಮದ ವರದಿ ಬರೆಸಿ ತೆಗೆದುಕೊಳ್ಳುತ್ತಾರಲ್ಲ, ಆ ಇಸಿ. ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ವಿನಾಯಿತಿ ಕೊಟ್ಟಿದ್ದು ಅದಕ್ಕೆ ಮಾತ್ರ. ಮಾಲಿನ್ಯ ಮಂಡಳಿಯ ಅನುಮತಿ ಬರುವುದು 1981ರ ವಾಯು ಕಾಯ್ದೆಯ 21ನೇ ಸೆಕ್ಷನ್‌ನಿಂದ. ಅಲ್ಲಿ 15 ಮೆಗಾವ್ಯಾಟ್ ಅನ್ನುವ ಗೆರೆಯೇ ಇಲ್ಲ. ನೀರಿನ ಕಾಯ್ದೆ, 1974ರದ್ದು, ಅದೂ ಬೇರೆ. ವಿದ್ಯಾರ್ಥಿ ಬಸ್ ಪಾಸ್ ತೋರಿಸಿದರೆ ಟಾಕೀಸಿನ ಒಳಗೆ ಬಿಡ್ತಾರಾ? ನಾನು ಮಾಡಿದ್ದು ಅದನ್ನೇ.

ಮಿಲ್‌ಗೆ ಹಳೆಯ ಅನುಮತಿ ಇತ್ತು, ಅದರ ಮೇಲೆ ನಡೆಯುತ್ತದೆ ಅಂದುಕೊಂಡೆ. ಅದೂ ತಪ್ಪು. ಆ ಅನುಮತಿ 3 ಟನ್ ಬಾಯ್ಲರ್ ಇರುವ ಅಕ್ಕಿ ಮಿಲ್‌ಗೆ ಕೊಟ್ಟಿದ್ದು. ಬಾಯ್ಲರ್ ದೊಡ್ಡದಾದರೆ, ಕರೆಂಟ್ ಉತ್ಪಾದನೆ ಸೇರಿದರೆ ಅದು ವಿಸ್ತರಣೆ. ಹೊಸದಾಗಿ ಸಿಎಫ್‌ಇ, ಅಂದರೆ ಕಟ್ಟುವುದಕ್ಕೆ ಮಂಡಳಿಯ ಒಪ್ಪಿಗೆ ತಗೋಬೇಕು, ಕಟ್ಟಿದ ಮೇಲೆ ಸಿಎಫ್‌ಒ, ಅಂದರೆ ಓಡಿಸುವುದಕ್ಕೆ ಒಪ್ಪಿಗೆ ತಗೋಬೇಕು. ವರ್ಗವೂ ಬದಲಾಗಬಹುದು. ಎಷ್ಟು ಮಾಲಿನ್ಯ ಮಾಡುತ್ತದೆ ಅನ್ನುವುದರ ಮೇಲೆ ಘಟಕಗಳಿಗೆ ಕೆಂಪು, ಹಸಿರು, ಬಿಳಿ ಅಂತ ಬಣ್ಣದ ವರ್ಗ ಇರುತ್ತದೆ, ಕೆಂಪು ಅಂದರೆ ಹೆಚ್ಚು ಮಾಲಿನ್ಯದ್ದು. 2016ರ ಪಟ್ಟಿಯಲ್ಲಿ ಸೋಲಾರ್, ಗಾಳಿ, 25 ಮೆಗಾವ್ಯಾಟ್‌ಗಿಂತ ಕಡಿಮೆ ಇರುವ ಹೈಡಲ್ ಬಿಟ್ಟು ಮಿಕ್ಕ ವಿದ್ಯುತ್ ಉತ್ಪಾದನಾ ಘಟಕಗಳು ಕೆಂಪು ವರ್ಗ. 2025ರಲ್ಲಿ ಸಿಪಿಸಿಬಿ, ಅಂದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ಪಟ್ಟಿ ಪರಿಷ್ಕರಿಸಿದೆ, ನೀಲಿ ಅಂತ ಹೊಸ ವರ್ಗವೂ ಬಂದಿದೆ. ಅರ್ಜಿ ಹಾಕುವ ಮೊದಲು ಹೊಸ ಪಟ್ಟಿಯನ್ನೇ ತೆಗೆದು ನೋಡಿ. ಬೇರೆಯವರು ಹೇಳಿದ್ದನ್ನು ನಂಬಬೇಡಿ, ನಾನು ಹೇಳಿದ್ದನ್ನೂ ಸೇರಿಸಿ.

ಅನುಮತಿ ಇಲ್ಲದೆ ಕಟ್ಟಿದೆವು, ಓಡಿಸಿದೆವು. ಮಾಡಿದ್ದು ತಪ್ಪು ಅಂತ ಮೊದಲು ತಿಳಿದದ್ದು ನೋಟಿಸಿನಿಂದಲ್ಲ.

ಮಿಲ್‌ನ ಹಿಂದೆ ಹಿಪ್ಪುನೇರಳೆ ತೋಟ. ರೇಷ್ಮೆ ಮಾಡುವ ಅಜ್ಜಿಯೊಬ್ಬರು, ನನ್ನನ್ನು ಚಿಕ್ಕಂದಿನಿಂದ ನೋಡಿದವರು, ಒಂದು ಬೆಳಿಗ್ಗೆ ಸೊಪ್ಪಿನ ಕಡ್ಡಿ ಹಿಡಿದುಕೊಂಡು ಆಫೀಸಿಗೆ ಬಂದರು. ಎಲೆ ಮೇಲೆ ಬೆರಳು ಎಳೆದು ತೋರಿಸಿದರು. ಬೆರಳು ಹೋದಲ್ಲಿ ಹಸಿರು, ಉಳಿದ ಕಡೆ ಬೂದು. ಎಲೆಯ ನರಗಳ ಸಂದಿಯಲ್ಲಿ ಕರಿ ಚುಕ್ಕಿ ಚುಕ್ಕಿಯಾಗಿ ಸುಟ್ಟ ಹೊಟ್ಟಿನ ಚೂರು, ಭತ್ತದ ಸಿಪ್ಪೆಯ ಆಕಾರ ಕೂಡ ಹಾಗೇ ಇತ್ತು. "ನಾಕ್ನೇ ಜ್ವರ ಎದ್ದವೆ ಮಗಾ, ಈಗ ಹೊಟ್ಟೆ ತುಂಬ ತಿನ್ಬೇಕು. ತಟ್ಟೆಗೆ ಹಾಕಿದ್ ಸೊಪ್ಪು ಹಂಗೇ ಬಾಡ್ತಾ ಬಿದ್ದದೆ" ಅಂದರು. ರೇಷ್ಮೆ ಗೊತ್ತಿರುವವರಿಗೆ ಇದರ ಅರ್ಥ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ: ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ, ನಾಲ್ಕನೇ ಜ್ವರ ಎದ್ದರೆ ಗೂಡು ಕಟ್ಟುವ ಮುಂಚಿನ ಕೊನೆಯ ಹಂತ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಆ ಕೊನೆಯ ಹಂತದಲ್ಲೇ ತಿನ್ನುತ್ತದೆ. ಆಗ ತಿನ್ನದಿದ್ದರೆ ಗೂಡು ಕಟ್ಟುವ ಶಕ್ತಿ ಇರುವುದಿಲ್ಲ, ಕಟ್ಟಿದರೂ ಗೂಡು ತೆಳ್ಳಗೆ, ರಾಮನಗರ ಮಾರ್ಕೆಟ್‌ನಲ್ಲಿ ರೇಟೇ ಸಿಗುವುದಿಲ್ಲ. ಆ ಬೆಳೆ ಅವರಿಗೆ ಹೋಯಿತು. ನಾವು ದುಡ್ಡು ಕಟ್ಟಿಕೊಟ್ಟೆವು, ಅದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಕೊಡಲೇಬೇಕಿತ್ತು.

ಯಾಕೆ ಹಾಗಾಯಿತು? ಲೆಕ್ಕ ಸುಲಭ. 6 ಟನ್ ಹಬೆಗೆ ಗಂಟೆಗೆ ಹತ್ತಿರ ಹತ್ತಿರ ಒಂದೂವರೆಯಿಂದ ಎರಡು ಟನ್ ಹೊಟ್ಟು ಬೇಕು. ಭತ್ತದ ಹೊಟ್ಟಿನಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ, ಅದರಲ್ಲಿ ಹೆಚ್ಚಿನದೆಲ್ಲ ಸಿಲಿಕಾ, ತುಂಬಾ ಹಗುರ. ಅಂದರೆ ಗಂಟೆಗೆ 300 ಕೆಜಿ ಮೇಲೆ ಬೂದಿ. ಕೆಳಗೆ ಬೀಳುವುದು ಬೀಳುತ್ತದೆ, ಮಿಕ್ಕಿದ್ದು ಹೊಗೆ ಜೊತೆ ಹಾರುತ್ತದೆ. ನಮ್ಮಲ್ಲಿ ಅದನ್ನು ಹಿಡಿಯಲು ಇದ್ದದ್ದು ಒಂದು ಮಲ್ಟಿಸೈಕ್ಲೋನ್, ಅದೂ ಸಣ್ಣದು. ದಪ್ಪ ಚೂರನ್ನು ಹಿಡಿಯುತ್ತದೆ, ಸಣ್ಣ ಬೂದಿಯನ್ನು ಬಿಟ್ಟುಬಿಡುತ್ತದೆ. ಇನ್ನು ಚಿಮಣಿ. ದುಡ್ಡು ಉಳಿಸಲು ಹೊಸ ಬಾಯ್ಲರ್‌ನ ಹೊಗೆಯನ್ನು ಹಳೆಯ 12 ಮೀಟರ್ ಚಿಮಣಿಗೇ ಕೊಟ್ಟಿದ್ದೆವು. ಹಬೆ 2ರಿಂದ 5 ಟನ್ ಇದ್ದರೆ 12 ಮೀಟರ್, 5ರಿಂದ 10 ಟನ್ ಇದ್ದರೆ 15 ಮೀಟರ್, ಇದು ನಿಯಮ. ನಮಗೆ ಗೊತ್ತಿರಲಿಲ್ಲ ಅಂತಲ್ಲ, ಯಾರೂ ಕೇಳಲಿಲ್ಲ.

ನಾನು ನಿಮಗೆ ಒತ್ತಿ ಹೇಳಬೇಕಾದ್ದು ಇದೇ. ಸಿಎಫ್‌ಇ ಅಂದರೆ ಬರೀ ಒಂದು ಕಾಗದ, ಆಮೇಲೆ ಹೇಗೋ ಮಾಡಿಸಿದರಾಯಿತು ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಆ ಅರ್ಜಿ ತುಂಬುವಾಗ ಚಿಮಣಿ ಎತ್ತರ ಎಷ್ಟು, ಬೂದಿ ಹಿಡಿಯಲು ಏನು ಹಾಕುತ್ತೀರಿ, ಹಿಡಿದ ಬೂದಿ ಎಲ್ಲಿಗೆ ಹೋಗುತ್ತದೆ, ಅಕ್ಕಪಕ್ಕ ಏನಿದೆ ಅಂತ ಕೇಳುತ್ತಾರೆ. ಕೇಳುವುದು ಫೌಂಡೇಶನ್ ಹಾಕುವ ಮುಂಚೆ. ನಾವು ಉತ್ತರ ಕೊಡಬೇಕಾಗಿ ಬಂದದ್ದು ಎಲ್ಲಾ ಕಟ್ಟಿದ ಮೇಲೆ. ಬ್ಯಾಗ್ ಫಿಲ್ಟರ್ ಹಾಕೋಣ ಅಂದರೆ ಜಾಗ ಇಲ್ಲ. ಜಾಗ ಮಾಡಿದರೆ ಹೊಗೆ ಎಳೆಯುವ ಐಡಿ ಫ್ಯಾನ್ ಸಾಲದು, ಯಾಕೆಂದರೆ ಬಟ್ಟೆಯ ಚೀಲಗಳ ಮೂಲಕ ಹೊಗೆ ಎಳೆಯಲು ಜಾಸ್ತಿ ಎಳೆತ ಬೇಕು, ನಮ್ಮ ಫ್ಯಾನ್ ಸೈಕ್ಲೋನ್‌ಗೆ ಮಾತ್ರ ಲೆಕ್ಕ ಹಾಕಿದ್ದು. ಫ್ಯಾನ್ ಬದಲಿಸಿದರೆ ಮೋಟರ್ ಬದಲು, ಮೋಟರ್ ಬದಲಾದರೆ ಪ್ಯಾನೆಲ್ ಬದಲು, ಡಕ್ಟ್ ಒಡೆದು ಮತ್ತೆ ಕಟ್ಟಬೇಕು. ಚಿಮಣಿ ಉದ್ದ ಮಾಡಲು ಹಳೆಯ ಫೌಂಡೇಶನ್ ತಡೆಯುವುದಿಲ್ಲ ಅಂದರು, ಅದನ್ನೂ ಒಡೆದೆವು. ಮೊದಲೇ ಡ್ರಾಯಿಂಗ್‌ನಲ್ಲಿ ಇದ್ದಿದ್ದರೆ ಇದಕ್ಕೆಲ್ಲ ಎಷ್ಟು ಆಗುತ್ತಿತ್ತೋ, ಅದರ ದುಪ್ಪಟ್ಟಿಗೂ ಜಾಸ್ತಿ ಖರ್ಚಾಯಿತು. ಸುಗ್ಗಿಯಲ್ಲಿ ಮಿಲ್ ನಿಂತಿದ್ದ ನಷ್ಟ ಬೇರೆ.

ದಂಡದ ವಿಷಯ ಬೇಗ ಹೇಳಿಬಿಡುತ್ತೇನೆ. ವಾಯು ಕಾಯ್ದೆಯ 31ಎ ಸೆಕ್ಷನ್‌ನಲ್ಲಿ ಘಟಕ ಮುಚ್ಚಿಸುವ, ಕರೆಂಟ್, ನೀರು ನಿಲ್ಲಿಸುವ ಅಧಿಕಾರ ಮಂಡಳಿಗೆ ಇದೆ. ಪರಿಸರ ಪರಿಹಾರ ಅಂತ ಹಾಕುವುದಕ್ಕೆ ಸಿಪಿಸಿಬಿಯದ್ದೇ ಒಂದು ಸೂತ್ರ ಇದೆ, ಅದರಲ್ಲಿ ನಿಯಮ ಮೀರಿದ ದಿನಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಕೆಂಪು ವರ್ಗಕ್ಕೆ 80 ಅಂಕ, ಅದಕ್ಕೆ 250 ರೂಪಾಯಿ, ಚಿಕ್ಕ ಘಟಕ ಅಂತ 0.5, ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿಗೆ 1. ಗುಣಿಸಿ ನೋಡಿ, ದಿನಕ್ಕೆ 10,000 ರೂಪಾಯಿ. ಈಗ ಜೈಲು ತೆಗೆದಿದ್ದಾರಲ್ಲ ಅಂತ ಕೆಲವರು ಹೇಳುತ್ತಾರೆ. 2023ರ ಜನ ವಿಶ್ವಾಸ ಕಾಯ್ದೆಯಿಂದ ವಾಯು ಕಾಯ್ದೆಯ ಶಿಕ್ಷೆ ದಂಡಕ್ಕೆ ಬದಲಾಗಿದ್ದು ನಿಜ, 10 ಸಾವಿರದಿಂದ 15 ಲಕ್ಷದ ವರೆಗೆ. ಅದನ್ನು ಧೈರ್ಯ ಅಂತ ತಗೋಬೇಡಿ.

ಈಗ ನಿಮ್ಮ ಪ್ರಶ್ನೆಗೇ ನನ್ನ ತಕರಾರು. "ಎಷ್ಟು ಮೆಗಾವ್ಯಾಟ್ ಒಳಗಿದ್ದರೆ ತಪ್ಪಿಸಿಕೊಳ್ಳಬಹುದು" ಅಂತ ಕೇಳಿದ್ದೀರಿ. ಚಿಕ್ಕದು ಅಂದರೆ ಕಡಿಮೆ ಹೊಗೆ ಅಂತ ನೀವು ಅಂದುಕೊಂಡಿದ್ದೀರಿ, ನಾನೂ ಅಂದುಕೊಂಡಿದ್ದೆ. ಬಾಯ್ಲರ್‌ಗಳ ಸಾಮಾನ್ಯ ಮಿತಿ ನೋಡಿದರೆ ಉಲ್ಟಾ. 15 ಟನ್ ಮತ್ತು ಮೇಲಿನ ಬಾಯ್ಲರ್ ಒಂದು ಘನ ಮೀಟರ್ ಹೊಗೆಯಲ್ಲಿ 150 ಮಿಲಿಗ್ರಾಂ ಧೂಳು ಮಾತ್ರ ಬಿಡಬೇಕು. 10ರಿಂದ 15 ಟನ್‌ನದು 600 ಬಿಡಬಹುದು. 2ರಿಂದ 10 ಟನ್‌ನದು 800. 2 ಟನ್‌ಗಿಂತ ಕಡಿಮೆ ಇದ್ದರೆ 1200, ಅಂದರೆ ದೊಡ್ಡದರ ಎಂಟು ಪಟ್ಟು! ಸಕ್ಕರೆ ಕಾರ್ಖಾನೆಗಳಿಗೆ 2016ರಿಂದ 150. ಚಿಕ್ಕವರಿಗೆ ದುಡ್ಡು ಸಾಲದು ಅಂತ ಸಡಿಲ ಬಿಟ್ಟಿದ್ದಾರೆ, ಅದು ನನಗೂ ಅರ್ಥವಾಗುತ್ತದೆ. ಆದರೆ ದೊಡ್ಡ ಕಾರ್ಖಾನೆಯ ಚಿಮಣಿ ಎತ್ತರ, ಹೊಗೆ ದೂರ ಹೋಗಿ ಚದುರುತ್ತದೆ. ನಮ್ಮದು ಗಿಡ್ಡ ಚಿಮಣಿ, ಊರಿನ ಮಗ್ಗುಲಲ್ಲೇ ಇರುತ್ತದೆ, ಬೂದಿ ಬೀಳುವುದು ಪಕ್ಕದವರ ತೋಟದ ಮೇಲೆ, ಒಣಹಾಕಿದ ಬಟ್ಟೆ ಮೇಲೆ, ಬಾವಿ ಮೇಲೆ. ನಮಗೆ ಸಿಕ್ಕ ರಿಯಾಯಿತಿಯ ಬಿಲ್ ಅವರು ಕಟ್ಟುತ್ತಾರೆ. ಹಾಗಾಗಿ 800 ಇದೆಯಲ್ಲ ಅಂತ 800ಕ್ಕೆ ಡಿಸೈನ್ ಮಾಡಿಸಬೇಡಿ. 150ರ ಒಳಗೆ ಅಂತ ಆರ್ಡರ್‌ನಲ್ಲೇ ಬರೆಸಿ, ಬ್ಯಾಗ್ ಫಿಲ್ಟರ್ ಹಾಕಿಸಿ, ಚಿಮಣಿಯ ಹೊಗೆ ಅಳೆಯುವ ಸ್ಟ್ಯಾಕ್ ಟೆಸ್ಟ್ ಪಾಸ್ ಆದ ಮೇಲೆ ಕೊನೆಯ ಕಂತು ಕೊಡಿ. ಮಂಡಳಿ ಸಾಮಾನ್ಯ ಮಿತಿಗಿಂತ ಬಿಗಿಯಾದ ಷರತ್ತು ಹಾಕಬಹುದು, ಆಗಲೂ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮಗೆ ಹಬೆಯ ಕೆಲಸ ಏನೂ ಇಲ್ಲ, ಬರೀ ಕರೆಂಟ್ ಮಾಡಿ ಮಾರುವುದು ಅಂತ ಬರೆದಿದ್ದೀರಿ. ಹಾಗಿದ್ದರೆ 2 ಮೆಗಾವ್ಯಾಟ್ ಬಾಯ್ಲರ್ ಪ್ಲಾಂಟ್ ಮಾಡಲೇಬೇಡಿ ಅನ್ನುತ್ತೇನೆ. ಮಳವಳ್ಳಿ ತಾಲ್ಲೂಕಿನ 4.5 ಮೆಗಾವ್ಯಾಟ್ ಪ್ಲಾಂಟ್ ಉದಾಹರಣೆ ಕೊಟ್ಟಿದ್ದೀರಿ, ಅದು ನಿಮ್ಮ ಯೋಜನೆಯ ಎರಡು ಪಟ್ಟಿಗೂ ದೊಡ್ಡದು. ಚಿಕ್ಕ ಟರ್ಬೈನ್ ತಿನ್ನುವುದು ಜಾಸ್ತಿ, ಕೊಡುವುದು ಕಡಿಮೆ. ಮಿಲ್‌ನವರಿಗೆ ಹೊಟ್ಟು ಮನೆಯದು, ನಿಮಗೆ ಕೊಂಡು ತರುವುದು. ನೀವು ಕೊಳ್ಳಲು ಶುರುಮಾಡಿದ ದಿನವೇ ಅದರ ರೇಟ್ ಏರುತ್ತದೆ. ಕಬ್ಬಿನ ತರಗು, ತೆಂಗಿನ ಗರಿ ಸಿಗುತ್ತದೆ, ಆದರೆ ಗದ್ದೆ ಗದ್ದೆ ಸುತ್ತಿ ಕೂಡಿಸಿ, ಮಳೆಗಾಲಕ್ಕೆ ನೆನೆಯದಂತೆ ಇಡಬೇಕು. ಆ ಜಮೀನು ಇದೆಯಲ್ಲ, ಸೋಲಾರ್ ಲೆಕ್ಕ ಹಾಕಿಸಿ ನೋಡಿ. ನಿಜವಾದ ವಿನಾಯಿತಿ ಬೇಕು ಅಂದರೆ ಅದು ಅಲ್ಲಿದೆ: ಸೋಲಾರ್ ಬಿಳಿ ವರ್ಗ, ಮತ್ತು 2024ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬಿಳಿ ವರ್ಗದವರಿಗೆ ವಾಯು, ನೀರು ಎರಡೂ ಕಾಯ್ದೆಗಳ ಅನುಮತಿಯಿಂದ ಬಿಡುಗಡೆ ಕೊಟ್ಟಿದೆ. ಮಂಡಳಿಗೆ ತಿಳಿಸಿದರೆ ಸಾಕು. ನಾನೂ ಈಗ ಗೋಡೌನ್ ಮೇಲೆ ಹಾಕಿಸಿದ್ದೇನೆ, ಟರ್ಬೈನ್ ಹಬೆ ಬೇಕಾದಾಗ ಮಾತ್ರ ಓಡುತ್ತದೆ.

ಇಲ್ಲ, ನಾನು ಬಾಯ್ಲರ್ ಹಾಕೇ ಹಾಕ್ತೀನಿ ಅಂದರೆ, ಅಡ್ವಾನ್ಸ್ ಕೊಡುವ ಮುಂಚೆ ಮಂಡ್ಯದ ಮಂಡಳಿ ಕಚೇರಿಗೆ ನೀವೇ ಹೋಗಿ, ಏಜೆಂಟ್‌ನನ್ನು ಕಳಿಸಬೇಡಿ. ಬಾಯ್ಲರ್ ಇಲಾಖೆಯ ನೋಂದಣಿ ಬೇರೆ, ಚೆಸ್ಕಾಂ ಬೇರೆ, ವಿದ್ಯುತ್ ಪರಿವೀಕ್ಷಣಾಲಯ ಬೇರೆ. ಒಂದರ ಕಾಗದ ಇನ್ನೊಂದಕ್ಕೆ ಆಗುವುದಿಲ್ಲ. ಸುತ್ತಲಿನ ತೋಟದವರ ಜೊತೆಯೂ ಮೊದಲೇ ಕೂತು ಮಾತಾಡಿ, ಯಾರು ಯಾವ ತಿಂಗಳು ಹುಳ ಎತ್ತುತ್ತಾರೆ ಅಂತ ತಿಳಿದುಕೊಳ್ಳಿ.

ಕೊನೆಯಲ್ಲಿ 250 ಕೆವಿಎ ಡೀಸೆಲ್ ಜನರೇಟರ್ ಬಗ್ಗೆಯೂ ಕೇಳಿದ್ದೀರಿ. 2016ರ ಪಟ್ಟಿಯಲ್ಲಿ 15 ಕೆವಿಎಯಿಂದ 1 ಎಂವಿಎ ವರೆಗಿನದು ಹಸಿರು ವರ್ಗ, ಅಂದರೆ ಅದಕ್ಕೂ ಅನುಮತಿ ಬೇಕು, ಪ್ಲಾಂಟ್‌ನ ಅರ್ಜಿಯಲ್ಲೇ ಸೇರಿಸಿ. ಸೆಕೆಂಡ್ ಹ್ಯಾಂಡ್ ತಗೋಬೇಡಿ, 2023ರ ಜುಲೈ 1ರಿಂದ ಜಾರಿಯಾದ ಸಿಪಿಸಿಬಿ 4+ ಹೊಗೆ ಮಾನದಂಡದ್ದನ್ನೇ ತಗೊಳ್ಳಿ. ಹೊಗೆ ಕೊಳವೆ ಎಷ್ಟು ಎತ್ತರ ಅನ್ನುವುದಕ್ಕೆ, ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ ಕಟ್ಟಡದ ಎತ್ತರಕ್ಕೆ ಕೂಡಿಸಬೇಕು. ನಿಮ್ಮದಕ್ಕೆ ಶೆಡ್ ಮೇಲೆ ಸುಮಾರು 3.2 ಮೀಟರ್ ಬರುತ್ತದೆ.